ಮುಂದಿನದು ಹಿಂದಾದರೆ ಕೆಡುವ ಕೆಲಸ: ವಿಂಡೋಸ್ 7ಕ್ಕೆ ಅಪ್‌ಡೇಟ್ ಹಾಕುವ ಕ್ರಮ

ಕಬ್ಬು ನುರಿಸುವ ಹಂಗಾಮು ಹತ್ತಿರವಾದಂತೆ ಬಾಗಲಕೋಟೆ ಜಿಲ್ಲೆಯ ತೂಕದ ಕಾಟಾಗಳಿಂದ ನನಗೆ ಕರೆಗಳು ಬರತೊಡಗುತ್ತವೆ. ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಓದುವ ಹಳೆಯ ಸಾಫ್ಟ್‌ವೇರ್‌ಗಾಗಿ ಅಲ್ಲಿ ಇಂದಿಗೂ ವಿಂಡೋಸ್ 7 ಉಳಿಸಿಕೊಂಡವರಿದ್ದಾರೆ. ಹಾರ್ಡ್ ಡಿಸ್ಕ್ ಕೆಟ್ಟರೆ ಹಳೆಯ ಡಿವಿಡಿಯಿಂದಲೇ ಮತ್ತೆ ಹಾಕಬೇಕು. ತೊಡಕು ಶುರುವಾಗುವುದು ಅಲ್ಲಿಂದ.

ಮುಧೋಳದ ಹತ್ತಿರದ ಒಂದು ಕಾಟಾದಲ್ಲಿ ಆಪರೇಟರ್ 2020ರ ಜನವರಿಯ ರೋಲಪ್ ಅನ್ನು, ಅಂದರೆ ಅಪ್‌ಡೇಟ್‌ಗಳ ತಿಂಗಳ ಕಟ್ಟನ್ನು, ಪೆನ್‌ಡ್ರೈವ್‌ನಲ್ಲಿ ತಂದು ನೇರವಾಗಿ ಹಾಕಲು ಹೋಗಿದ್ದರು. ಪರದೆಯ ಮೇಲೆ 80092004 ಎಂಬ ದೋಷಸಂಖ್ಯೆ. "ಫೈಲೇ ಕೆಟ್ಟಿರಬೇಕ್ರಿ ಸರ್, ಮೂರು ಸಲ ಡೌನ್‌ಲೋಡ್ ಮಾಡೀನಿ" ಎಂದರು. ಫೈಲ್ ಕೆಟ್ಟಿರಲಿಲ್ಲ. ಅಪ್‌ಡೇಟ್‌ಗಳ ಮೇಲಿನ ಡಿಜಿಟಲ್ ಸಹಿಯನ್ನು ಮೈಕ್ರೋಸಾಫ್ಟ್ 2019ರಲ್ಲಿ ಶಾ-2 ಪದ್ಧತಿಗೆ ಮಾತ್ರ ಸೀಮಿತಗೊಳಿಸಿತು. ಹೊಸದಾಗಿ ಹಾಕಿದ ವಿಂಡೋಸ್ 7ಕ್ಕೆ ಆ ಸಹಿಯನ್ನು ಪರಿಶೀಲಿಸಲು ಬರುವುದಿಲ್ಲ. ಹಳೆಯ ಮೊಹರನ್ನಷ್ಟೇ ಬಲ್ಲ ಗುಮಾಸ್ತ ಹೊಸ ಮೊಹರಿನ ಕಾಗದವನ್ನು ಹಿಂದಿರುಗಿಸಿದಂತೆ ಅದು ಫೈಲನ್ನು ತಿರಸ್ಕರಿಸುತ್ತದೆ.

ಆದ್ದರಿಂದ ನಾನು ಕಾಲಾನುಕ್ರಮವನ್ನು ಬಿಡುವುದಿಲ್ಲ. ಡಿವಿಡಿಯಲ್ಲಿ ಇಲ್ಲದಿದ್ದರೆ ಮೊದಲು ಅಪ್‌ಡೇಟ್‌ಗಳ ದೊಡ್ಡ ಕಟ್ಟಾದ 2011ರ ಸರ್ವಿಸ್ ಪ್ಯಾಕ್ 1. ಅದಿಲ್ಲದೆ ಮುಂದಿನ ಯಾವುದೂ ಕೂರುವುದಿಲ್ಲ. ಬಳಿಕ ಕೆಬಿ 3020369 (ಕೆಬಿ ಎಂದರೆ ಅಪ್‌ಡೇಟ್‌ಗೆ ಮೈಕ್ರೋಸಾಫ್ಟ್ ಕೊಡುವ ಗುರುತು ಸಂಖ್ಯೆ). ಇದು ಸರ್ವಿಸಿಂಗ್ ಸ್ಟ್ಯಾಕ್, ಅಂದರೆ ಅಪ್‌ಡೇಟ್‌ಗಳನ್ನು ಅಳವಡಿಸುವ ಭಾಗವನ್ನೇ ಸುಧಾರಿಸುವ ಅಪ್‌ಡೇಟ್. ಗಾತ್ರದಲ್ಲಿ ಚಿಕ್ಕದೆಂದು ಬಹಳ ಮಂದಿ ಬಿಟ್ಟುಬಿಡುವುದೂ ಇದನ್ನೇ. ಇದಾದ ಮೇಲೆಯೇ 2016ರ ಏಪ್ರಿಲ್‌ವರೆಗಿನ ಬಹುಪಾಲು ಅಪ್‌ಡೇಟ್‌ಗಳನ್ನು ಒಟ್ಟಿಗೆ ಕಟ್ಟಿಕೊಟ್ಟ ಕೆಬಿ 3125574 ಒಪ್ಪಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿ 2019ರ ಮಾರ್ಚ್‌ನ ಸರ್ವಿಸಿಂಗ್ ಸ್ಟ್ಯಾಕ್ ಆದ ಕೆಬಿ 4490628, ಆಮೇಲೆ ಶಾ-2 ಬೆಂಬಲ ಕೊಡುವ ಕೆಬಿ 4474419 ಹಾಕಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಬೇಕು. ತಿಂಗಳ ರೋಲಪ್ ಕೊನೆಗೆ. ರೋಲಪ್ ಹಿಂದಿನ ತಿಂಗಳುಗಳದ್ದನ್ನೂ ಒಳಗೊಂಡಿರುವುದರಿಂದ ಒಂದೊಂದು ತಿಂಗಳಿನದನ್ನೂ ಹುಡುಕಿ ಹಾಕುವುದು ವ್ಯರ್ಥ ಶ್ರಮ. ಉಚಿತವಾಗಿ ಸಿಕ್ಕ ಕೊನೆಯದು 2020ರ ಜನವರಿ 14ರ ಕೆಬಿ 4534310.

ಇಷ್ಟೂ ನಡೆಯುವಾಗ ವಿಂಡೋಸ್ ಅಪ್‌ಡೇಟ್ ತಾನಾಗಿಯೇ ಹುಡುಕದಂತೆ ಸೆಟ್ಟಿಂಗ್ ಬದಲಿಸಿಟ್ಟಿರಬೇಕು, ಇಲ್ಲವಾದರೆ ಕೈಯಿಂದ ಹಾಕಿದ ಫೈಲ್ ಗಂಟೆಗಟ್ಟಲೆ 'ಹುಡುಕಲಾಗುತ್ತಿದೆ' ಎನ್ನುತ್ತಲೇ ನಿಲ್ಲುತ್ತದೆ. ಯುಪಿಎಸ್ ಇಲ್ಲದ ಕಡೆ ನಾನು ಈ ಕೆಲಸಕ್ಕೆ ಕೈ ಹಾಕುವುದೇ ಇಲ್ಲ. ರೀಸ್ಟಾರ್ಟ್ ನಡುವೆ ಕರೆಂಟ್ ಹೋದರೆ ಎಲ್ಲವೂ ಮೊದಲಿನಿಂದ.

ವಿಂಡೋಸ್ 10ರ '2004' ಎಂಬ ಸಂಖ್ಯೆಯ ಆವೃತ್ತಿ ಮತ್ತು ಅನಂತರದ ಆವೃತ್ತಿಗಳಲ್ಲಿ ಸರ್ವಿಸಿಂಗ್ ಸ್ಟ್ಯಾಕ್ ಅನ್ನು 2021ರಿಂದ ತಿಂಗಳ ಅಪ್‌ಡೇಟ್‌ನೊಳಗೇ ಸೇರಿಸಿರುವುದರಿಂದ ಅಲ್ಲಿ ಈ ಗೋಜು ಬಹುಮಟ್ಟಿಗೆ ಇಲ್ಲ.

ಆ ಕಾಟಾದ ಗಣಕ ಈಗ ಇಂಟರ್ನೆಟ್‌ಗೆ ಜೋಡಿಸಿಲ್ಲ. ಹೊಸ ಭದ್ರತಾ ಅಪ್‌ಡೇಟ್ ಸಿಗದ ಯಂತ್ರವನ್ನು ಹೊರಗಿನ ಜಾಲಕ್ಕೆ ಬಿಡಲು ನಾನು ಒಪ್ಪಲಿಲ್ಲ. ಕೊನೆಯ ರೋಲಪ್ ಕೂತ ಮೇಲೆ ಇಡೀ ಡಿಸ್ಕಿನ ಇಮೇಜ್, ಅಂದರೆ ಯಥಾಪ್ರತಿಯನ್ನು ಒಂದು ಹೊರಡಿಸ್ಕಿಗೆ ತೆಗೆದು, ಅದನ್ನು ಕಾಟಾದ ರಸೀದಿ ಪುಸ್ತಕಗಳಿರುವ ಕಪಾಟಿನಲ್ಲೇ ಇರಿಸಿ ಬಂದೆ.