ಉರುಟು ಕಲ್ಲಿನ ದಂಡೆಯನ್ನು ಅಲೆ ಕಟ್ಟುವುದು ಹೇಗೆ?

ನಮ್ಮ ಕರಾವಳಿಯವರಿಗೆ ಮರಳಿನ ಲೆಕ್ಕ ಗೊತ್ತು. ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದುಕೊಳ್ಳುತ್ತದೆ, ಮಳೆ ನಿಂತ ಮೇಲೆ ಮೆಲ್ಲಗೆ ವಾಪಸ್ ತಂದು ಹಾಕುತ್ತದೆ. ಉರುಟು ಕಲ್ಲಿನ ದಂಡೆಯ ಲೆಕ್ಕವೇ ಬೇರೆ. ಅಲ್ಲಿ ಬಿರುಗಾಳಿ ಕೆಡವುವುದೂ ಉಂಟು, ಕಟ್ಟುವುದೂ ಉಂಟು.

ಗುಟ್ಟು ಇರುವುದು ಕಲ್ಲುಗಳ ನಡುವಿನ ಸಂದಿಯಲ್ಲಿ. ಅಲೆ ಒಡೆದು ಮೇಲೆ ನುಗ್ಗುವಾಗ ಕಲ್ಲುಗಳನ್ನೂ ದೂಡಿಕೊಂಡು ಬರುತ್ತದೆ. ಆದರೆ ವಾಪಸ್ ಹರಿಯಬೇಕಾದ ನೀರು ಸಂದಿಗಳಲ್ಲಿ ಇಂಗಿಬಿಡುತ್ತದೆ. ಕಲ್ಲನ್ನು ಕೆಳಗೆಳೆಯಲು ಅದಕ್ಕೆ ಬಲ ಸಾಲುವುದಿಲ್ಲ. ಹಾಗಾಗಿ ಇಂಥ ದಂಡೆ ಮರಳಿನದಕ್ಕಿಂತ ಕಡಿದಾಗಿರುತ್ತದೆ.

ಬಿರುಗಾಳಿಯಲ್ಲಿ ಅಲೆಗಳು ಬಿಡುವಿಲ್ಲದೆ ಬಡಿಯುತ್ತವೆ. ನೀರು ಇಂಗಲು ಸಮಯವೇ ಸಿಗುವುದಿಲ್ಲ. ಆಗ ಕಡಲ ಕಡೆಯ ಇಳಿಜಾರಿನ ಕಲ್ಲು ಕೆಳಗೆ ಹೋಗುತ್ತದೆ. ಅದೇ ಹೊತ್ತಿಗೆ ದೊಡ್ಡ ಅಲೆಗಳು ಒಂದಷ್ಟು ಕಲ್ಲನ್ನು ದಿಬ್ಬದ ನೆತ್ತಿಗೆ ಎಸೆಯುತ್ತವೆ. ನೀರು ಸ್ವಲ್ಪವೇ ದಾಟಿದರೆ ದಿಬ್ಬ ಎತ್ತರವಾಗುತ್ತದೆ. ಜಾಸ್ತಿ ದಾಟಿದರೆ ನೆತ್ತಿಯೇ ಕೊಚ್ಚಿಹೋಗಿ ಕಲ್ಲೆಲ್ಲ ಹಿಂಬದಿಗೆ ಬೀಳುತ್ತದೆ. ಹೀಗೆ ಬಿರುಗಾಳಿಯಿಂದ ಬಿರುಗಾಳಿಗೆ ಇಡೀ ದಿಬ್ಬ ನೆಲದ ಕಡೆಗೆ ಸರಿಯುತ್ತದೆ.

ಇದನ್ನೆಲ್ಲ ಒಂದೇ ಕಡೆ ನೋಡಬೇಕೆಂದರೆ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಚೆಸಿಲ್ ಬೀಚ್‌ಗೆ ಹೋಗಬೇಕು. ಉದ್ದ ಸುಮಾರು 29 ಕಿ.ಮೀ. ಪಶ್ಚಿಮದ ವೆಸ್ಟ್ ಬೇಯಲ್ಲಿ ಕಲ್ಲು ಬಟಾಣಿಯಷ್ಟು, ಪೂರ್ವದ ಪೋರ್ಟ್‌ಲ್ಯಾಂಡ್ ಹತ್ತಿರ ಆಲೂಗಡ್ಡೆಯಷ್ಟು. ಹೀಗೆ ಬೇರ್ಪಡಿಸಿಟ್ಟಿದ್ದು ಅಲೆಗಳೇ. 1824ರ ನವೆಂಬರ್‌ನಲ್ಲಿ ಕಡಲು ಈ ದಿಬ್ಬ ದಾಟಿ, ಹಿಂದಿನ ಹಿನ್ನೀರನ್ನೂ ದಾಟಿ, ಫ್ಲೀಟ್ ಹಳ್ಳಿಯ ಚರ್ಚಿನ ಬಹುಭಾಗವನ್ನು ಕೆಡವಿತು. 1979ರ ಫೆಬ್ರವರಿಯಲ್ಲಿ ಆದದ್ದು ಇನ್ನೂ ವಿಚಿತ್ರ. ದಡದಲ್ಲಿ ಅಂಥ ಗಾಳಿಯೇ ಇರಲಿಲ್ಲ. ದೂರದ ಅಟ್ಲಾಂಟಿಕ್‌ನಲ್ಲಿ ಎದ್ದ ಉದ್ದನೆಯ ಅಲೆಗಳು ದಿಬ್ಬ ಹತ್ತಿ ಚಿಸ್‌ವೆಲ್ ಊರೊಳಗೆ ನುಗ್ಗಿದವು. ಸುಮ್ನೆ ಆಕಾಶ ನೋಡಿ ಅಲೆಯನ್ನು ಅಂದಾಜು ಮಾಡಬಾರದು ಎಂದು ನಾವು ಹೇಳುವುದು ಇದಕ್ಕೇ.

ನನಗೆ ಜಾಸ್ತಿ ಸಂಕಟವಾಗುವುದು ಡೆವನ್‌ನ ಹಾಲ್‌ಸ್ಯಾಂಡ್ಸ್ ಎಂಬ ಮೀನುಗಾರರ ಹಳ್ಳಿಯ ಕಥೆ ಓದಿದಾಗ. 1897ರಿಂದ ಪ್ಲಿಮತ್‌ನ ನೌಕಾನೆಲೆ ವಿಸ್ತರಣೆಗೆಂದು ಅಲ್ಲಿನ ಕಡಲಿನಿಂದ ಲಕ್ಷಗಟ್ಟಲೆ ಟನ್ ಕಲ್ಲು ತೆಗೆದರು. ಕಡಲು ಹೊಸ ಕಲ್ಲು ತಂದು ತುಂಬುತ್ತದೆ ಎಂಬ ನಂಬಿಕೆ. ತುಂಬಲಿಲ್ಲ. ದಂಡೆ ಮೀಟರ್‌ಗಟ್ಟಲೆ ತಗ್ಗಿತು. ಮೀನುಗಾರರು ಪ್ರತಿಭಟಿಸಿದರು, 1902ರಲ್ಲಿ ಪರವಾನಗಿ ರದ್ದಾಯಿತು. ಅಷ್ಟೊತ್ತಿಗೆ ಅಲೆಯ ಬಲ ಮುರಿಯಬೇಕಾದ ಕಲ್ಲೇ ಅಲ್ಲಿರಲಿಲ್ಲ. 1917ರ ಜನವರಿ 26ರಂದು ಮೂಡಣ ಬಿರುಗಾಳಿ, ಜೊತೆಗೆ ದೊಡ್ಡ ಉಬ್ಬರ. ಆ ವರ್ಷ ಮುಗಿಯುವಾಗ ವಾಸಕ್ಕೆ ಉಳಿದದ್ದು ಒಂದೇ ಮನೆ.

ಕಲ್ಲಿನ ದಂಡೆಯ ಕೆಲಸ ಬಂದರೆ ನಾನು ಮೊದಲು ಕೇಳುವುದು ಒಂದೇ: ಇಲ್ಲಿಗೆ ಹೊಸ ಕಲ್ಲು ಎಲ್ಲಿಂದ ಬರುತ್ತಿದೆ? ಗೋಡೆ ಎಷ್ಟೆತ್ತರ ಬೇಕು ಅನ್ನುವುದು ಆಮೇಲಿನ ಮಾತು. ಎಷ್ಟೋ ಕಡೆ ಇರುವುದು ಹಿಮಯುಗ ಕಳೆದು ಕಡಲು ಏರಿದಾಗ ದೂಡಿ ತಂದ ಹಳೆಯ ಕಲ್ಲೇ. ಚೆಸಿಲ್‌ನಲ್ಲೂ ಹೊಸದು ಬರುವುದು ತೀರಾ ಕಡಿಮೆ. ಅದಕ್ಕೇ ಅಲ್ಲಿಂದ ಕಲ್ಲು ಒಯ್ಯುವಂತಿಲ್ಲ, ನೆನಪಿಗೆಂದು ಜೇಬಿಗೆ ಹಾಕಿಕೊಂಡರೂ ತಪ್ಪೇ.