ಆನೆಗೊಂದಿ ಹೊಳೆ: ನೀರಿಗೆ ಧಣಿಗಳು ಹಲವರು, ಅಂಬಿಗರಿಗೆ ಯಾರು?

ಕೊಪ್ಪಳ ಜಿಲ್ಲೆಯ ಸಾಣಾಪುರ ಕೆರೆಗೆ ರಜೆ ದಿನ ಹೋದರೆ ಹರಿಗೋಲಿಗೆ ಜನ ಕಾದು ನಿಂತಿರುತ್ತಾರೆ. ನಡುನೀರಿಗೆ ಹೋದಮೇಲೆ ಅಂಬಿಗ ಹುಟ್ಟು ಹಾಕಿ ಅದನ್ನು ಗರಗರ ತಿರುಗಿಸುತ್ತಾನೆ, ಕೂತವರು ಕಿರುಚುತ್ತಾರೆ. ಈ ತಿರುಗಾಟ ಹಳೆಯದೇ. 1520ರ ಆಸುಪಾಸಿನಲ್ಲಿ ವಿಜಯನಗರ ನೋಡಲು ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ದೋಣಿಗಳ ಬಗ್ಗೆ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತವೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಮಿಕ್ಕಿದ್ದು ಹೆಚ್ಚುಕಮ್ಮಿ ಹಾಗೇ ಇದೆ.

ಬೇರೆಯಾಗಿದ್ದು ಹೊಳೆ, ಅಂದರೆ ಆನೆಗೊಂದಿ ಪಕ್ಕ ಹರಿಯುವ ತುಂಗಭದ್ರೆ. ಮೊದಲು ಮಳೆ ನೋಡಿ, ನೀರಿನ ಬಣ್ಣ ನೋಡಿ ಪ್ರವಾಹ ಬರುವುದನ್ನು ಊಹಿಸಬಹುದಿತ್ತು. 1953ರಲ್ಲಿ ಅಣೆಕಟ್ಟೆಯ ನೀರು ನೋಡಿಕೊಳ್ಳುವ ತುಂಗಭದ್ರಾ ಮಂಡಳಿ ಬಂತು, ಅಣೆಕಟ್ಟೆಯ 33 ಗೇಟುಗಳು ಬಂದವು. ಆಕಾಶ ಸ್ವಚ್ಛವಾಗಿದ್ದರೂ ಮೇಲೆ ಗೇಟ್ ಎತ್ತಿದರೆ ಕೆಳಗೆ ಸೆಳವು ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಅಂಥ ಹೊತ್ತಲ್ಲಿ ಹೊಳೆಯೊಳಗಿರುವವರಿಗೆ ಸುದ್ದಿ ಎಷ್ಟು ಬೇಗ ಮುಟ್ಟುತ್ತದೆ ಅನ್ನೋದೇ ಜೀವದ ಪ್ರಶ್ನೆ.

ಹೊಳೆಗೆ ಧಣಿಗಳಿಗೇನೂ ಕೊರತೆಯಿಲ್ಲ. ನೀರು ಮಂಡಳಿಯದು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 2002ರ ಕಾಯ್ದೆಯಿಂದ ಅದಕ್ಕೊಂದು ಪ್ರಾಧಿಕಾರ ಹುಟ್ಟಿತು. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವು ನೀರುನಾಯಿಗಳ ಸಂರಕ್ಷಿತ ಪ್ರದೇಶವಾಯಿತು. ಎಡದಂಡೆ ಕೊಪ್ಪಳ ಜಿಲ್ಲೆ, ಬಲದಂಡೆ ಹಂಪಿ ಕಡೆ ವಿಜಯನಗರ ಜಿಲ್ಲೆ, ಕಂಪ್ಲಿ ಕಡೆ ಬಳ್ಳಾರಿ. 2021ರವರೆಗೆ ಬಲದಂಡೆ ಪೂರ್ತಿ ಬಳ್ಳಾರಿಯೇ ಆಗಿತ್ತು. ಕಲ್ಲಿಗೆ, ಪ್ರಾಣಿಗೆ, ಪೈರಿಗೆ ಒಬ್ಬೊಬ್ಬರು ಇದ್ದಾರೆ. ಮೋಜಿಗೆ ನೀರಿಗಿಳಿಯುವ ಮನುಷ್ಯನನ್ನು ನೋಡಿಕೊಳ್ಳುವುದು ಮಾತ್ರ ಎಲ್ಲರ ಕೆಲಸದ ಬಾಲದಲ್ಲಿ ಉಳಿದಿದೆ ಅಂತ ನನಗನಿಸುತ್ತದೆ.

ಅದಕ್ಕೇ ಏನಾದರೂ ಆದಾಗ ನೆನಪಾಗುವುದು ತೆರವು ಅಥವಾ ನಿಷೇಧ. ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ನೆಲಸಮವಾದವು. ಕಾನೂನಿನ ಪ್ರಕಾರ ಅದು ಆಗಲೇಬೇಕಿತ್ತು. ಆದರೆ ಜನ ಬರೋದು ನಿಂತಿತಾ? ಸಾಣಾಪುರದ ಕಡೆ ಹೊರಳಿದರು, ಅಷ್ಟೆ. 2025ರ ಫೆಬ್ರುವರಿಯಲ್ಲಿ ಅಲ್ಲೇ ಬಂಡೆ ಮೇಲಿಂದ ಹೊಳೆಗೆ ಹಾರಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ತೀರಿಕೊಂಡರು.

ಯಾವ ಬಂಡೆಯ ಬುಡದಲ್ಲಿ ಸುಳಿಯಿದೆ, ಎಲ್ಲಿ ಮಡು ಆಳ ಅನ್ನೋದು ಅಂಬಿಗರಿಗೆ ಗೊತ್ತು. ಉಸಿರು ನಿಂತವರಿಗೆ ಏನು ಮಾಡಬೇಕು, ಹಗ್ಗ ಹೇಗೆ ಎಸೆಯಬೇಕು ಅನ್ನೋದನ್ನು ಕಲಿಸಬೇಕು. ಸಾಹಸ ಕ್ರೀಡೆಗೆ ತರಬೇತಿ ಕೊಡಲು ಸರ್ಕಾರದ್ದೇ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಬೇಸಿಗೆಯಲ್ಲಿ ಸಾಣಾಪುರ ಕೆರೆ ತುಂಬಿಸುವ ಎಡದಂಡೆ ಕಾಲುವೆಗೆ ನೀರು ನಿಂತಾಗ ಹರಿಗೋಲುಗಳಿಗೂ ಕೆಲಸ ಕಮ್ಮಿ. ಆಗ ದಿನಗೂಲಿ ಕೊಟ್ಟು ಕಲಿಸಬಹುದಲ್ವಾ? ಕಲಿತವರಿಗೆ ಗುರುತಿನ ಚೀಟಿ, ವಿಮೆ, ಒಳ್ಳೆಯ ಲೈಫ್ ಜಾಕೆಟ್ ಕೊಡಬೇಕು. ಗೇಟ್ ಎತ್ತುವ ಸುದ್ದಿ ಮೊದಲು ಅವರ ಫೋನಿಗೇ ಬರಬೇಕು.