ಪಂದ್ಯ ಇಲ್ಲದ ಮಂಗಳವಾರ: ಆನ್‌ಫೀಲ್ಡ್ ಸ್ಟೇಡಿಯಂನ ಹೊರಗಿನ ಜಾಗದ ಬಗ್ಗೆ ಅಧ್ಯಯನ ಟಿಪ್ಪಣಿ

ಈ ಸೆಮಿಸ್ಟರಿನ ಸ್ಟುಡಿಯೋಗೆ, ಅಂದರೆ ನಮ್ಮ ಕಟ್ಟಡ ವಿನ್ಯಾಸದ ತರಗತಿಗೆ, ಸಿಕ್ಕಿದ ವಿಷಯ ಇದು: ಒಂದು ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಂನ ಹೊರಭಾಗವನ್ನೂ ಸುತ್ತಮುತ್ತಲಿನ ಜಾಗವನ್ನೂ ಸುಧಾರಿಸಿ. ನಾನು ಲಿವರ್‌ಪೂಲ್‌ನ ಆನ್‌ಫೀಲ್ಡ್ ಆರಿಸಿಕೊಂಡೆ. ಮೊದಲ ಡ್ರಾಯಿಂಗ್ ಶೀಟಿನಲ್ಲಿ ಕೆಂಪು ಇಟ್ಟಿಗೆ ಗೋಡೆ, ಅದರ ಮೇಲೆ ಬೀಳುವ ದೀಪ, ಸಾಲು ಮರ, ಅಗಲವಾದ ಮೆಟ್ಟಿಲು, ಮೆಟ್ಟಿಲ ತುಂಬಾ ಕೆಂಪು ಸ್ಕಾರ್ಫ್ ಹಾಕಿಕೊಂಡ ಜನ, ಎಲ್ಲವನ್ನೂ ಬರೆದು ತೂಗುಹಾಕಿದ್ದೆ. ಜ್ಯೂರಿಗೆ, ಅಂದರೆ ನಮ್ಮ ಕೆಲಸ ನೋಡಿ ಅಳೆಯೋಕೆ, ಬಂದಿದ್ದ ಮೇಡಂ ಒಬ್ಬರು ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆ ಕಣಪ್ಪ, ಆದ್ರೆ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಈ ಮೆಟ್ಟಿಲ ಮೇಲೆ ಯಾರಿರ್ತಾರೆ?" ಅಂತ ಕೇಳಿದರು. ನಾನು ತಬ್ಬಿಬ್ಬಾದೆ. ಯಾರೂ ಇರುವುದಿಲ್ಲ ಅನ್ನುವುದೇ ಉತ್ತರ, ಅದನ್ನು ಹೇಳೋಕೆ ಧೈರ್ಯ ಬರಲಿಲ್ಲ ಅಷ್ಟೇ.

ಮುಂದಿನ ಬ್ಯಾಚಿಗೂ ಇದೇ ವಿಷಯ ಬರುವ ಹಾಗಿದೆ. ಅದಕ್ಕೇ ಆಮೇಲೆ ಓದಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ದಿನ ಎಣಿಸಿ

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಒಂದು ಕ್ಲಬ್ಬಿಗೆ ತನ್ನ ಮೈದಾನದಲ್ಲಿ ಸಿಗುವುದು 19 ಲೀಗ್ ಪಂದ್ಯ. ಕಪ್ ಪಂದ್ಯ, ಯುರೋಪಿನ ಪಂದ್ಯ ಎಲ್ಲ ಸೇರಿಸಿದರೂ ವರ್ಷಕ್ಕೆ ಮೂವತ್ತರ ಆಸುಪಾಸು. ಅಂದರೆ ನಾವು ಶೀಟಿನಲ್ಲಿ ಬರೆಯುವ ಗಿಜಿಗಿಜಿ ಜನ, ಬಾವುಟ, ಹಾಡು ಎಲ್ಲ ಇರುವುದು ಸುಮಾರು 30 ದಿನ. ಉಳಿದ 335 ದಿನ ಆ ಜಾಗ ಅಕ್ಕಪಕ್ಕದ ಮನೆಯವರದು. ಹಾಲು ತರೋಕೆ ಹೋಗುವವರು, ಮಗುವನ್ನು ಶಾಲೆಯಿಂದ ಕರೆತರುವವರು, ನಾಯಿ ಸುತ್ತಾಡಿಸುವವರು. ಅವರಿಗೆ ಸ್ಟೇಡಿಯಂ ಅಂದರೆ ಬೀದಿ ಕೊನೆಯಲ್ಲಿ ಬಾಗಿಲು ಮುಚ್ಚಿಕೊಂಡು ನಿಂತ ಒಂದು ದೊಡ್ಡ ಗೋಡೆ.

ಈ ಟಿಪ್ಪಣಿಯಲ್ಲಿ ನಾನು ಹೇಳಬೇಕೆಂದಿರುವುದು ಇದನ್ನೇ. ಹೊರಭಾಗ ಚೆನ್ನಾಗಿದೆಯೋ ಇಲ್ಲವೋ ಅಂತ ಪಂದ್ಯದ ದಿನದ ಫೋಟೋ ನೋಡಿ ಹೇಳಬೇಡಿ, ಮಂಗಳವಾರದ ಫೋಟೋ ನೋಡಿ ಹೇಳಿ.

ಮನೆಗಳ ನಡುವೆ ಸಿಕ್ಕಿಕೊಂಡ ಮೈದಾನ

ಆನ್‌ಫೀಲ್ಡ್ ಶುರುವಾದದ್ದು 1884ರಲ್ಲಿ, ಮತ್ತು ಮೊದಲು ಅಲ್ಲಿ ಆಡುತ್ತಿದ್ದದ್ದು ಲಿವರ್‌ಪೂಲ್ ಕ್ಲಬ್ ಅಲ್ಲ, ಅದೇ ಊರಿನ ಇನ್ನೊಂದು ಕ್ಲಬ್ ಎವರ್ಟನ್! ಬಾಡಿಗೆ ವಿಷಯದಲ್ಲಿ ಮೈದಾನದ ಒಡೆಯ ಜಾನ್ ಹೌಲ್ಡಿಂಗ್ ಜೊತೆ ಜಗಳವಾಗಿ 1892ರಲ್ಲಿ ಎವರ್ಟನ್‌ನವರು ಸ್ಟ್ಯಾನ್ಲಿ ಪಾರ್ಕ್ ಆಚೆಗಿನ ಗುಡಿಸನ್ ಪಾರ್ಕಿಗೆ ಹೊರಟುಹೋದರು. ಹೌಲ್ಡಿಂಗ್ ಕೈಯಲ್ಲಿ ಖಾಲಿ ಮೈದಾನ ಉಳಿಯಿತು. ಆತ ಅದಕ್ಕೆಂದೇ ಹೊಸ ಕ್ಲಬ್ ಕಟ್ಟಿದ. ಲಿವರ್‌ಪೂಲ್ ಹುಟ್ಟಿದ್ದು ಹಾಗೆ.

ಆಗಿನ ಕಾಲದ ಇಂಗ್ಲೆಂಡಿನ ಮೈದಾನಗಳು ಕೆಲಸಗಾರರ ಮನೆಗಳ ನಡುವೆಯೇ ಇರುತ್ತಿದ್ದವು. ನಮ್ಮ ವಠಾರದ ಮನೆಗಳ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಸಾಲು ಮನೆಗಳು, ಬಾಗಿಲು ತೆರೆದರೆ ನೇರ ಫುಟ್‌ಪಾತು. ಜನ ನಡೆದು ಬಂದು ಪಂದ್ಯ ನೋಡಿ ನಡೆದೇ ಹೋಗುತ್ತಿದ್ದರು, ಆದ್ದರಿಂದ ಅದು ಸರಿಯಾಗಿಯೇ ಇತ್ತು. ತೊಂದರೆ ಶುರುವಾಗುವುದು ಸ್ಟ್ಯಾಂಡ್ (ಜನ ಕೂತು ನೋಡುವ ಕಟ್ಟಡ) ದೊಡ್ಡದು ಮಾಡಬೇಕಾದಾಗ. ಒಳಗೆ ಮೈದಾನ ಜರುಗುವುದಿಲ್ಲ, ಹಾಗಾಗಿ ಸ್ಟ್ಯಾಂಡ್ ಹೊರಗೇ ಬೆಳೆಯಬೇಕು. ಹೊರಗೆ ಯಾರದೋ ಮನೆ.

ಕೆಮ್ಲಿನ್ ರೋಡ್ ಕಡೆ ಆದದ್ದು ಇದೇ. ಕ್ಲಬ್ ಆ ಸಾಲಿನ ಮನೆಗಳನ್ನು ಒಂದೊಂದಾಗಿ ಕೊಂಡುಕೊಂಡಿತು, ಇಬ್ಬರು ಅಕ್ಕತಂಗಿಯರು ಮಾತ್ರ ಮಾರುವುದಿಲ್ಲ ಅಂದರು. ಸುತ್ತಲಿನ ಮನೆಗಳು ಹೋದ ಮೇಲೂ ಅವರು ವರ್ಷಗಟ್ಟಲೆ ಅಲ್ಲೇ ಇದ್ದರು. ಕೊನೆಗೆ ಅವರೂ ಒಪ್ಪಿದ ಮೇಲೆ ಎರಡನೇ ಅಂತಸ್ತು ಎದ್ದು, 1992ರಲ್ಲಿ ಕ್ಲಬ್ಬಿಗೆ ನೂರು ತುಂಬಿದಾಗ ಸೆಂಟಿನರಿ ಸ್ಟ್ಯಾಂಡ್ ಅಂತ ಹೆಸರಿಟ್ಟರು. 2017ರಿಂದ ಅದಕ್ಕೆ ಕ್ಲಬ್ಬಿನ ಹಳೆಯ ಆಟಗಾರ, ಮ್ಯಾನೇಜರ್ ಕೆನ್ನಿ ಡಾಲ್ಗ್ಲಿಷ್ ಹೆಸರು.

ಮೇನ್ ಸ್ಟ್ಯಾಂಡ್ ಕಡೆಯ ಕತೆ ಇನ್ನೂ ಉದ್ದ, ಓದುವಾಗ ಬೇಜಾರೂ ಆಗುತ್ತದೆ. 1990ರ ದಶಕದಿಂದಲೇ ಲೋಥೇರ್ ರೋಡಿನ ಸುತ್ತ ಕ್ಲಬ್ ಮನೆಗಳನ್ನು ಕೊಳ್ಳುತ್ತಾ ಬಂತು, ಕೆಲವನ್ನು ಖಾಲಿ ಬಿಟ್ಟಿತು. ನಡುವೆ ಸ್ಟ್ಯಾನ್ಲಿ ಪಾರ್ಕಿನಲ್ಲೇ ಹೊಸ ಸ್ಟೇಡಿಯಂ ಕಟ್ಟುತ್ತೇವೆ ಅನ್ನುವ ಯೋಜನೆ ಬಂತು. ಹೋಗುತ್ತಾರೋ ಇರುತ್ತಾರೋ ಯಾರಿಗೂ ಗೊತ್ತಿಲ್ಲದ ಹಾಗೆ ಹತ್ತು ವರ್ಷ ಕಳೆಯಿತು. 2012ರಲ್ಲಿ ಇಲ್ಲೇ ಇದ್ದು ಹಳೆಯದನ್ನೇ ದೊಡ್ಡದು ಮಾಡುತ್ತೇವೆ ಅಂತ ತೀರ್ಮಾನವಾಯಿತು. ಈ ಹತ್ತು ವರ್ಷ ಬೀದಿಗೆ ಏನು ಮಾಡಿತು ಅನ್ನುವುದನ್ನು ನಿಮ್ಮ ಕೇಸ್ ಸ್ಟಡಿಯಲ್ಲಿ ದಯವಿಟ್ಟು ಬರೆಯಿರಿ. ಸಾಲು ಮನೆಯಲ್ಲಿ ಒಂದು ಮನೆ ಖಾಲಿಯಾಗಿ ಕಿಟಕಿಗೆ ತಗಡು ಬಿದ್ದರೆ ಪಕ್ಕದ ಮನೆಯ ಗೋಡೆ ತೇವ ಹಿಡಿಯುತ್ತದೆ, ಅದರ ಬೆಲೆ ಇಳಿಯುತ್ತದೆ, ಅವರೂ ಬಿಟ್ಟು ಹೋಗುತ್ತಾರೆ, ಆಮೇಲೆ ಮೂಲೆ ಅಂಗಡಿಗೆ ಗಿರಾಕಿ ಇಲ್ಲ. ಸ್ಟೇಡಿಯಂನ ಒಂದೇ ಒಂದು ಇಟ್ಟಿಗೆ ಅಲುಗಾಡುವ ಮೊದಲೇ ಅದರ ಸುತ್ತಮುತ್ತ ಹಾಳಾಗಿರುತ್ತದೆ.

ನೆರಳಿನದೂ ಒಂದು ಲೆಕ್ಕವಿದೆ. ಇಂಗ್ಲೆಂಡಿನ ಕಾನೂನಿನಲ್ಲಿ ಒಂದು ಕಿಟಕಿಗೆ 20 ವರ್ಷ ಬೆಳಕು ಬಿದ್ದಿದ್ದರೆ ಆ ಬೆಳಕಿನ ಮೇಲೆ ಮನೆಯವರಿಗೆ ಹಕ್ಕು ಬರುತ್ತದೆ. ಅಂದರೆ ಮನೆಯ ಜಾಗ ಮುಟ್ಟದೆ ಬರೀ ಎತ್ತರಕ್ಕೆ ಕಟ್ಟುತ್ತೇನೆ ಅಂದರೂ ಎದುರು ಮನೆಯವರು ಕೋರ್ಟಿಗೆ ಹೋಗಬಹುದು. ಶೀಟಿನಲ್ಲಿ ಚಳಿಗಾಲದ ನೆರಳು ತೋರಿಸಿ. ಲಿವರ್‌ಪೂಲ್ ಎಷ್ಟು ಉತ್ತರಕ್ಕಿದೆ ಅಂದರೆ ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ತಗ್ಗಿನಲ್ಲೇ ಇರುತ್ತಾನೆ, ನೆರಳು ನಾಲ್ಕು ಮನೆ ದಾಟುತ್ತದೆ. ನಮ್ಮೂರಿನ ಅಂದಾಜು ಅಲ್ಲಿ ನಡೆಯುವುದಿಲ್ಲ.

ಕಟ್ಟಿದ್ದು ಏನು

ಇದನ್ನು ಬೇಗ ಮುಗಿಸುತ್ತೇನೆ. ಹೊಸ ಮೇನ್ ಸ್ಟ್ಯಾಂಡ್ 2016ರ ಸೆಪ್ಟೆಂಬರಿನಲ್ಲಿ ತೆರೆಯಿತು, ಸುಮಾರು 8,500 ಸೀಟು ಹೆಚ್ಚಾಗಿ ಒಟ್ಟು 54,000 ಆಯಿತು. ಅದರ ಮಾಡು ಹೊತ್ತಿರುವ ಉಕ್ಕಿನ ಟ್ರಸ್ (ಉಕ್ಕಿನ ಕೋಲುಗಳನ್ನು ಜೋಡಿಸಿದ ತೊಲೆ) ಒಂದೇ 650 ಟನ್. ಮಾಡಿನ ಮೇಲಕ್ಕೆ ಎದ್ದು ಕಾಣುವ ಆ ಉಕ್ಕೇ ಈಗ ದೂರದ ಬೀದಿಯಿಂದ ಆನ್‌ಫೀಲ್ಡ್‌ನ ಗುರುತು. ಆಮೇಲೆ 2021ರಲ್ಲಿ ಆನ್‌ಫೀಲ್ಡ್ ರೋಡ್ ಕಡೆ ಕೆಲಸ ಶುರುವಾಯಿತು. ಅದಕ್ಕಾಗಿ ರಸ್ತೆಯನ್ನೇ ಸ್ಟ್ಯಾಂಡ್ ಸುತ್ತ ಬಳಸಿ ಹೋಗುವ ಹಾಗೆ ತಿರುಗಿಸಿದರು. 2023ರಲ್ಲಿ ಗುತ್ತಿಗೆ ಕಂಪನಿ ದಿವಾಳಿಯಾಗಿ ಮೇಲಿನ ಅಂತಸ್ತು ತಡವಾಯಿತು, ಬೇರೆಯವರು ಬಂದು 2024ರಲ್ಲಿ ಮುಗಿಸಿದರು. ಈಗ ಒಟ್ಟು ಸೀಟು 61,000ಕ್ಕೂ ಜಾಸ್ತಿ.

ಅಗಲ ಎಷ್ಟು ಬೇಕು?

ಇಲ್ಲಿ ಸ್ವಲ್ಪ ನಿಲ್ಲಿ. ಇದು ಪರೀಕ್ಷೆಗೂ ಬರುತ್ತದೆ, ಕೆಲಸಕ್ಕೂ ಬರುತ್ತದೆ. ಬ್ರಿಟನ್ನಿನಲ್ಲಿ ಕ್ರೀಡಾಂಗಣದ ಸುರಕ್ಷತೆಗೆ ಒಂದು ಕೈಪಿಡಿ ಇದೆ, ಎಲ್ಲರೂ ಅದನ್ನು ಗ್ರೀನ್ ಗೈಡ್ ಅನ್ನುತ್ತಾರೆ. ಅದರ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ದಾಟುತ್ತಾರೆ, ಮೆಟ್ಟಿಲಾದರೆ 66. ಕೂತ ಜಾಗ ಬಿಟ್ಟು ಸಲೀಸಾಗಿ ನಡೆಯಬಹುದಾದ ದಾರಿಗೆ ಬರೋಕೆ ಹೆಚ್ಚೆಂದರೆ 8 ನಿಮಿಷ ಹಿಡಿಯಬೇಕು.

ಮೇನ್ ಸ್ಟ್ಯಾಂಡಿನಲ್ಲಿ 20,000 ಜನ ಅಂತ ಇಟ್ಟುಕೊಳ್ಳೋಣ. 82ನ್ನು 8ರಿಂದ ಗುಣಿಸಿದರೆ 656. 20,000ವನ್ನು 656ರಿಂದ ಭಾಗಿಸಿದರೆ ಹೆಚ್ಚುಕಡಿಮೆ 30.5. ಅಂದರೆ ಎಲ್ಲ ಬಾಗಿಲುಗಳ ಅಗಲ ಸೇರಿ 30.5 ಮೀಟರ್ ಬೇಕು. ಮೆಟ್ಟಿಲಲ್ಲಿ ಇಳಿಸಿದರೆ ಇದೇ ಲೆಕ್ಕ ಸುಮಾರು 38 ಮೀಟರ್ ಆಗುತ್ತದೆ. ನನ್ನ ಮೊದಲ ಶೀಟಿನ ಚೆಂದದ ಮೆಟ್ಟಿಲು 12 ಮೀಟರ್ ಅಗಲ ಇತ್ತು. ಸುಮ್ನೆ ಹೇಳಿದೆ.

ಬಾಗಿಲು ದಾಟಿದ ಮೇಲೆ? ಒಂದು ಚದರ ಮೀಟರಿಗೆ ಇಬ್ಬರಂತೆ ನಿಂತರೂ 20,000 ಜನಕ್ಕೆ 10,000 ಚದರ ಮೀಟರ್ ಬೇಕು, ಅದು ಒಂದು ಹೆಕ್ಟೇರ್. ಸ್ಟೇಡಿಯಂ ಎದುರಿನ ಖಾಲಿ ಜಾಗ ಬರೀ ಅಂದಕ್ಕಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ನಮ್ಮ ತೇರುಬೀದಿ ಯಾಕೆ ಅಷ್ಟು ಅಗಲ ಅಂತ ಯೋಚಿಸಿ, ಅದೇ ಕಾರಣ. ಜೊತೆಗೆ ಉಳಿದ ದಿನಗಳಲ್ಲಿ ತೇರುಬೀದಿ ಸುಮ್ಮನೆ ಬಿದ್ದಿರುವುದಿಲ್ಲ, ಅಲ್ವಾ? ಹೂವಿನ ಅಂಗಡಿ, ಬಳೆ ಅಂಗಡಿ, ಆಡುವ ಮಕ್ಕಳು.

ಒಳಗೆ ಬರುವ ಲೆಕ್ಕ ಇದಕ್ಕಿಂತ ಮುಖ್ಯ. ಮೆಟ್ರೋ ಸ್ಟೇಷನ್ನಿನಲ್ಲಿ ಇರುವಂಥ ಒಬ್ಬೊಬ್ಬರನ್ನೇ ಬಿಡುವ ಗೇಟಿಗೆ ಅಲ್ಲಿ ಟರ್ನ್‌ಸ್ಟೈಲ್ ಅನ್ನುತ್ತಾರೆ. ಒಂದು ಟರ್ನ್‌ಸ್ಟೈಲಿನಲ್ಲಿ ಗಂಟೆಗೆ 660 ಜನಕ್ಕಿಂತ ಜಾಸ್ತಿ ಲೆಕ್ಕ ಹಿಡಿಯಬಾರದು ಅನ್ನುವುದು ಗೈಡಿನ ಮಿತಿ. ಈಗ 1989ರ ಏಪ್ರಿಲ್ 15ಕ್ಕೆ ಹೋಗಿ. ಶೆಫೀಲ್ಡ್ ನಗರದ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಲೆಪಿಂಗ್ಸ್ ಲೇನ್ ಕಡೆ ನಿಂತು ನೋಡುವ ಟಿಕೆಟ್ ಇದ್ದವರು 10,100 ಜನ, ಅವರಿಗೆ ಇದ್ದದ್ದು 7 ಟರ್ನ್‌ಸ್ಟೈಲ್. ಒಂದೊಂದಕ್ಕೆ 1,443 ಜನ. ಇವತ್ತಿನ ಮಿತಿಯಲ್ಲಿ ಲೆಕ್ಕ ಹಾಕಿದರೆ ಎಲ್ಲರೂ ಒಳಗೆ ಹೋಗೋಕೆ 2 ಗಂಟೆ 11 ನಿಮಿಷ. ಹೊರಗೆ ಇಕ್ಕಟ್ಟಾದ ಜಾಗದಲ್ಲಿ ಜನ ಒತ್ತಿಕೊಂಡರು, ಪೊಲೀಸರು ಹೊರಹೋಗುವ ಗೇಟ್ ತೆರೆಸಿದರು, ಬಂದವರು ನೇರ ಎದುರಿಗಿದ್ದ ಸುರಂಗದ ದಾರಿಯಲ್ಲಿ ಆಗಲೇ ತುಂಬಿದ್ದ, ಬೇಲಿ ಹಾಕಿದ ನಡುವಿನ ನಿಲ್ಲುವ ಜಾಗಗಳೊಳಗೆ ಹೋದರು. 97 ಜನ ಸತ್ತರು. ಅಭಿಮಾನಿಗಳದ್ದು ತಪ್ಪಿಲ್ಲ ಅಂತ ತೀರ್ಪು ಬರೋಕೆ 2016 ಆಗಬೇಕಾಯಿತು.

ನಾನು ಈ ಭಾಗಾಕಾರವನ್ನು ನೋಟ್‌ಬುಕ್ಕಿನಲ್ಲಿ ಮಾಡಿದ ಮೇಲೆ ಪೆನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆನ್‌ಫೀಲ್ಡ್‌ನ ಹೊಸ ಮೇನ್ ಸ್ಟ್ಯಾಂಡ್ ಎದುರು ಈಗ ಆ ಸಾವುಗಳ ಸ್ಮಾರಕ ಇದೆ, ಹೆಸರುಗಳನ್ನು ಕೊರೆದಿದ್ದಾರೆ. ಅಲ್ಲಿನ ದಾರಿಗೆ ಮೊದಲು 96 ಅವೆನ್ಯೂ ಅಂತ ಹೆಸರಿತ್ತು. ಅವತ್ತಿನ ಗಾಯದಿಂದ ಮತ್ತೊಬ್ಬರು 2021ರಲ್ಲಿ ತೀರಿಕೊಂಡ ಮೇಲೆ 97 ಅವೆನ್ಯೂ ಆಯಿತು. ಮಂಗಳವಾರವೂ ಜನ ಬಂದು ನಿಲ್ಲುವ ಜಾಗ ಅದು.

ಕಂಬ, ಪ್ರತಿಮೆ, ಬ್ರೆಡ್ ಅಂಗಡಿ

ಹಳೆಯ ವಸ್ತುಗಳನ್ನು ಉಳಿಸಿಕೊಳ್ಳುವುದರಲ್ಲಿ ಆನ್‌ಫೀಲ್ಡ್ ಗಟ್ಟಿ. ಒಂದು ಗೋಲಿನ ಹಿಂದಿರುವ ಕಾಪ್ ಅನ್ನುವ ಸ್ಟ್ಯಾಂಡಿನ ಮೂಲೆಯಲ್ಲಿ ಒಂದು ಬಿಳಿ ಬಾವುಟದ ಕಂಬ ಇದೆ. ಅದು ಗ್ರೇಟ್ ಈಸ್ಟರ್ನ್ ಅನ್ನುವ ಹಡಗಿನ ಪಟಸ್ತಂಭ. ಆ ಕಾಲದಲ್ಲಿ ಜಗತ್ತಿನಲ್ಲೇ ದೊಡ್ಡದಾಗಿದ್ದ ಹಡಗನ್ನು ಮರ್ಸಿ ನದಿಯ ದಡದಲ್ಲಿ ಒಡೆದಾಗ ಕಂಬವನ್ನು ಕುದುರೆಗಳಿಂದ ಎಳೆಸಿ ಇಲ್ಲಿಗೆ ತಂದರು. (ಇದೇ ಹಡಗು 1870ರಲ್ಲಿ ಮುಂಬೈಗೂ ಏಡನ್‌ಗೂ ನಡುವೆ ಸಮುದ್ರದಡಿ ತಂತಿ ಹಾಸಿತ್ತು. ಶೀಟಿನಲ್ಲಿ ಇದಕ್ಕೆ ಮಾರ್ಕ್ಸ್ ಸಿಗಲ್ಲ, ನನಗೆ ಖುಷಿಯಾಯಿತು ಅಂತ ಬರೆದೆ.) ಕಾಪ್ ಎದುರು ಎರಡೂ ಕೈ ಅಗಲಿಸಿ ನಿಂತ, ಕ್ಲಬ್ಬಿನ ಹಳೆಯ ಮ್ಯಾನೇಜರ್ ಬಿಲ್ ಶಾಂಕ್ಲಿ ಪ್ರತಿಮೆ 1997ರದ್ದು. ಅದರ ಪೀಠದ ಮೇಲೆ, ಜನರನ್ನು ಖುಷಿಪಡಿಸಿದವನು ಅನ್ನುವ ಅರ್ಥದ ಒಂದೇ ಸಾಲು.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ಲಬ್ ಮಾಡಿದ್ದಲ್ಲ. ಸ್ಟೇಡಿಯಂ ಎದುರಿನ ಓಕ್‌ಫೀಲ್ಡ್ ರೋಡಿನ ಮೂಲೆಯಲ್ಲಿ ಮಿಚೆಲ್ಸ್ ಅನ್ನುವ ಹಳೇ ಬೇಕರಿ ಇತ್ತು, ಸುತ್ತ ಮನೆ ಖಾಲಿಯಾಗುತ್ತಾ ಹೋಗಿ ಅದೂ ಮುಚ್ಚಿತು. 2010ರಲ್ಲಿ ಲಿವರ್‌ಪೂಲ್ ಬಿಯೆನಾಲೆ ಕಲಾ ಉತ್ಸವಕ್ಕೆಂದು ಯಾನ್ನೆ ಫಾನ್ ಹೇಸ್‌ವೈಕ್ ಅನ್ನುವ ಡಚ್ ಕಲಾವಿದೆ ಬಂದವರು, ಅಲ್ಲಿನ ಜನರ ಜೊತೆ ಕೂತು ಈ ಕಟ್ಟಡಕ್ಕೆ ಏನು ಮಾಡಬಹುದು ಅಂತ ಶುರುಮಾಡಿದರು. ಜನ ಸಹಕಾರ ಸಂಘ ಕಟ್ಟಿಕೊಂಡು ಬೇಕರಿಯನ್ನು ಮತ್ತೆ ತೆರೆದರು, ಹೋಮ್‌ಬೇಕ್ಡ್ ಅಂತ ಹೆಸರಿಟ್ಟರು. ಜಾಗ, ಕಟ್ಟಡ ನೋಡಿಕೊಳ್ಳೋಕೆ ಜನರದ್ದೇ ಒಂದು ಭೂ ಟ್ರಸ್ಟ್ ಮಾಡಿಕೊಂಡರು. ಪಂದ್ಯದ ದಿನ ಅಲ್ಲಿ ಬಿಸಿ ಪೈಗೆ ಸಾಲು ನಿಲ್ಲುತ್ತದೆ. ಉಳಿದ ದಿನ ಬೀದಿಯವರಿಗೆ ಬ್ರೆಡ್ಡು, ಟೀ.

ಎರಡನೇ ಶೀಟಿನಲ್ಲಿ ನಾನು ಸ್ಟೇಡಿಯಂ ಗೋಡೆಗೆ ಗೆರೆ ಮಾತ್ರ ಎಳೆದೆ. ಬಣ್ಣ ತುಂಬಿದ್ದು ಆ ಮೂಲೆಗೆ. ಎರಡು ಕುರ್ಚಿ, ಒಂದು ತಳ್ಳುಗಾಡಿಯ ಮಗು, ಬಾಗಿಲಲ್ಲಿ ನಿಂತು ಮಾತಾಡುತ್ತಿರುವ ಇಬ್ಬರು ಹೆಂಗಸರು, ಹಿಂದೆ ದೊಡ್ಡ ಟ್ರಸ್. ಕೆಳಗೆ ಚಿಕ್ಕ ಅಕ್ಷರದಲ್ಲಿ ಬರೆದೆ: ಮಂಗಳವಾರ, ಮಧ್ಯಾಹ್ನ 3.